ರವಿಕೆ ಹೊಲಿಯುವ ಕೈಗೆ ದುಡಿಮೆಯ ಲೆಕ್ಕ

ಪ್ರಶ್ನೆ: ದಾವಣಗೆರೆಯವಳು, ವಯಸ್ಸು 42. ಚಿಕ್ಕಂದಿನಿಂದಲೂ ಹೊಲಿಗೆ ಎಂದರೆ ಪ್ರಾಣ. ಮದುವೆಯಲ್ಲಿ ತವರಿನವರು ಕೊಟ್ಟ ಕಾಲು ತುಳಿಯುವ ಮೆಷಿನ್ ಈಗಲೂ ಚೆನ್ನಾಗಿದೆ. ಮನೆಯವರ ರವಿಕೆ, ಮಕ್ಕಳ ಲಂಗ, ದಿಂಬಿನ ಕವರು ಎಲ್ಲವನ್ನೂ ನಾನೇ ಹೊಲಿಯುತ್ತೇನೆ. ನೆಂಟರು, ಅಕ್ಕಪಕ್ಕದವರೂ ತಂದುಕೊಡುತ್ತಾರೆ, ಆದರೆ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ಮಕ್ಕಳು ಕಾಲೇಜಿಗೆ ಹೋದ ಮೇಲೆ ದಿನಕ್ಕೆ 4 ಗಂಟೆ ಬಿಡುವು ಸಿಗುತ್ತದೆ. ಇದನ್ನೇ ಮನೆಯಿಂದ ಸಣ್ಣ ಉದ್ಯೋಗ ಮಾಡಿಕೊಳ್ಳಬೇಕೆಂದಿದ್ದೇನೆ. ಪವರ್ ಮೆಷಿನ್ ಕೊಳ್ಳಲೇ? ದರ ಎಷ್ಟು ಇಡಲಿ? ಸಾಲ, ಸಬ್ಸಿಡಿ ಏನಾದರೂ ಸಿಗುತ್ತದೆಯೇ?

ಉತ್ತರ: ಮೆಷಿನ್ ಮಾತು ಆಮೇಲೆ. ಮನೆಯವರಿಗೆ ಹೊಲಿಯುವುದಕ್ಕೂ ಗಿರಾಕಿಗೆ ಹೊಲಿಯುವುದಕ್ಕೂ ಇರುವ ಅಂತರ ಮೊದಲು ಮನಸ್ಸಿಗೆ ಬರಬೇಕು. ಮಗಳ ಮೈ ನಿಮಗೆ ಗೊತ್ತು. ಬಿಗಿಯಾದರೆ ಸಂಜೆ ಬಿಚ್ಚಿ ಮತ್ತೆ ಹಾಕುತ್ತೀರಿ, ಹಬ್ಬಕ್ಕೆ ಆಗದಿದ್ದರೆ ಬೇರೆ ಉಟ್ಟುಕೊಳ್ಳುತ್ತಾಳೆ. ಗಿರಾಕಿಯ ಮೈ ಗೊತ್ತಿಲ್ಲ, ಬಟ್ಟೆ ನಿಮ್ಮದಲ್ಲ, ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅವರು ನಿಮಗೆ ದುಡ್ಡು ಕೊಡುವುದು ಎರಡು ವಿಷಯಕ್ಕೆ: ತೊಟ್ಟ ಮೊದಲ ಸಲವೇ ಮೈಗೆ ಕೂರಬೇಕು, ಹೇಳಿದ ದಿನ ಕೈಗೆ ಸಿಗಬೇಕು. ಕಸೂತಿ, ಹೊಸ ಡಿಸೈನು, ಒಳ್ಳೆಯ ಮೆಷಿನ್ ಎಲ್ಲವೂ ಇವೆರಡರ ನಂತರ.

ಅದಕ್ಕೇ ಮೊದಲ ಆರು ತಿಂಗಳು ಎಲ್ಲವನ್ನೂ ಹೊಲಿಯುತ್ತೇನೆ ಎನ್ನಬೇಡಿ. ಗೌನು, ಕೋಟು, ಮಕ್ಕಳ ಪಾರ್ಟಿ ಫ್ರಾಕುಗಳನ್ನು ಸದ್ಯಕ್ಕೆ ಬಿಡಿ. ರವಿಕೆ, ಸೀರೆಯ ಫಾಲ್ (ಕೆಳ ಅಂಚಿನ ಒಳಗೆ ಹಚ್ಚುವ ಪಟ್ಟಿ) ಮತ್ತು ತುದಿ ಕಟ್ಟುವ ಜಿಗ್‌ಜಾಗ್, ಸೆರಗಿನ ಕುಚ್ಚು ಇವು ಮೂರೇ ಸಾಕು. ಒಂದು ಹೊಸ ಸೀರೆ ಮನೆಗೆ ಬಂದರೆ ಮೂರೂ ಕೆಲಸ ಅದರ ಬೆನ್ನಿಗೇ ಬರುತ್ತವೆ, ಗಿರಾಕಿ ಒಬ್ಬರೇ. ದಿನವೂ ಅದೇ ಕೆಲಸ ಮಾಡುವುದರಿಂದ ಕೈ ಓಡುತ್ತದೆ, ದಾರ, ಲೈನಿಂಗು, ಹುಕ್ಕುಗಳ ದಾಸ್ತಾನೂ ಕಡಿಮೆ ಸಾಲುತ್ತದೆ. ಕೆಲಸವಿಲ್ಲದ ವಾರಗಳಲ್ಲಿ ಪೆಟಿಕೋಟು, ನೈಟಿ ಹೊಲಿದಿಡಬಹುದು.

ಈಗ ಅಳತೆ. ಹತ್ತಕ್ಕೆ ಎಂಟು ದೂರು ಹುಟ್ಟುವುದು ಇಲ್ಲಿಯೇ, ಹೊಲಿಗೆಯಲ್ಲಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಕಡೆ ಗಿರಾಕಿ ‘ಅಳತೆ ರವಿಕೆ’ ಕೊಟ್ಟು ಹೋಗುವುದು ರೂಢಿ. ಆ ರವಿಕೆಯೊಂದನ್ನೇ ನಂಬಿದರೆ ಅದರ ತಪ್ಪನ್ನೂ ನಕಲು ಮಾಡುತ್ತೀರಿ. ಹಳೆಯ ಹತ್ತಿ ರವಿಕೆ ಒಗೆದೊಗೆದು ಜಗ್ಗಿರುತ್ತದೆ, ಇಲ್ಲವೇ ಯಾರೋ ಬಗಲಲ್ಲಿ, ಅಂದರೆ ಪಕ್ಕದ ಹೊಲಿಗೆಯಲ್ಲಿ, ಒಂದು ಸಾಲು ಬಿಚ್ಚಿರುತ್ತಾರೆ. ಲೈನಿಂಗ್ ಇಲ್ಲದ ರವಿಕೆಯ ಅಳತೆಗೆ ಲೈನಿಂಗ್ ಇರುವುದನ್ನು ಹೊಲಿದರೆ ಅದೇ ಇಂಚಿಗೆ ಬಿಗಿಯಾಗುತ್ತದೆ. ಆದ್ದರಿಂದ ಅಳತೆ ರವಿಕೆ ಇಟ್ಟುಕೊಳ್ಳಿ, ಜೊತೆಗೆ ಮೈ ಅಳತೆಯನ್ನೂ ತೆಗೆಯಿರಿ. ಹುಕ್ಕು ಹಾಕಿ ರವಿಕೆಯನ್ನು ಮೇಜಿನ ಮೇಲೆ ಹರಡಿ, ಎದೆಯ ಅಗಲ ಅಳೆದು ಎರಡರಿಂದ ಗುಣಿಸಿ. ಮೈ ಅಳತೆ 36 ಇದ್ದು ರವಿಕೆ 37 ಬಂದರೆ ಸರಿ, ಒಂದು ಇಂಚು ಸಡಿಲ ಅವರಿಗೆ ಒಗ್ಗಿದೆ ಎಂದರ್ಥ. ರವಿಕೆ 35 ಬಂದರೆ ಅವರು ಆಮೇಲೆ ದಪ್ಪಗಾಗಿದ್ದಾರೆ, ಆ ರವಿಕೆಯನ್ನು ಪಕ್ಕಕ್ಕಿಡಿ. ಜೊತೆಗೆ ಒಂದು ಮಾತು ಕೇಳಿ: ‘ಈ ರವಿಕೆಯಲ್ಲಿ ನಿಮಗೆ ಹಿಡಿಸದ್ದು ಏನು?’ ಉತ್ತರವನ್ನು ಅಳತೆಯ ಪಕ್ಕದಲ್ಲೇ ಬರೆಯಿರಿ.

ಮೈ ಅಳತೆ ಎಂದರೆ ಎದೆ, ಸೊಂಟ, ಉದ್ದ ಮೂರೇ ಅಲ್ಲ. ಪೂರ್ತಿ ಉದ್ದ, ಭುಜ, ಎದೆಯ ಮೇಲ್ಭಾಗ (ಕಂಕುಳ ಕೆಳಗೆ ಟೇಪು ಸುತ್ತಿ), ಎದೆಯ ತುಂಬು ಭಾಗ, ಎದೆಯ ಕೆಳಗೆ ರವಿಕೆ ಮುಗಿಯುವಲ್ಲಿ, ಕಂಕುಳ ಸುತ್ತು, ತೋಳುದ್ದ, ತೋಳಿನ ದಪ್ಪ ಭಾಗ, ತೋಳಿನ ಅಂಚು, ಮುಂಗೊರಳು ಮತ್ತು ಹಿಂಗೊರಳಿನ ಆಳ ಬೇಕು. ಇವುಗಳ ಜೊತೆ ಬಹಳ ಜನ ಬಿಟ್ಟುಬಿಡುವ ಎರಡು ಅಳತೆ ಇವೆ: ಭುಜದ ಮೇಲಿನಿಂದ ಎದೆಯ ತುದಿಗೆ ಎಷ್ಟು ಇಂಚು, ಎರಡು ತುದಿಗಳ ನಡುವೆ ಎಷ್ಟು ಇಂಚು. ಡಾಟಿನ (ಎದೆಯ ಆಕಾರಕ್ಕೆ ಬಟ್ಟೆಯನ್ನು ಮೊನೆಯಾಗಿ ಮಡಿಸಿ ಹಾಕುವ ಹೊಲಿಗೆ) ಮೊನೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ಇವೇ. ಮೊನೆ ಮೇಲಾದರೆ ಕೆಳಗೆ ಚೀಲದಂತೆ ಬಟ್ಟೆ ನಿಲ್ಲುತ್ತದೆ, ಕೆಳಗಾದರೆ ರವಿಕೆ ಮೇಲಕ್ಕೇರಿ ಹೊಟ್ಟೆಯ ಮೇಲೆ ತೆರೆದುಕೊಳ್ಳುತ್ತದೆ. ಡಾಟನ್ನು ತುದಿಯವರೆಗೂ ಒಯ್ಯದೆ ಅರ್ಧದಿಂದ ಮುಕ್ಕಾಲು ಇಂಚು ಮುಂಚೆಯೇ ನಿಲ್ಲಿಸಿ. ಕೊನೆಯ ಎರಡು ಮೂರು ಹೊಲಿಗೆ ಬಟ್ಟೆಯ ಮಡಿಕೆಯ ಅಂಚಿನಲ್ಲೇ ಓಡಲಿ, ಅಲ್ಲಿ ರಿವರ್ಸ್ ಹೊಡೆಯದೆ ದಾರ ಉದ್ದ ಬಿಟ್ಟು ಕೈಯಿಂದ ಗಂಟು ಹಾಕಿ. ರಿವರ್ಸ್ ಹೊಡೆದ ಮೊನೆಯೇ ಹೊರಗಿನಿಂದ ಗುಬುಟಾಗಿ ಕಾಣುವುದು. ಅಳತೆ ಕೊಡುವಾಗ ಯಾವ ಒಳಉಡುಪು ಇತ್ತೋ ಟ್ರಯಲ್‌ಗೂ ಅದೇ ಇರಲಿ ಎಂದು ಹೇಳಲು ಸಂಕೋಚ ಬೇಡ. ಅದು ಬದಲಾದರೆ ಎದೆಯ ತುದಿಯ ಜಾಗವೇ ಬದಲಾಗುತ್ತದೆ.

ಕಂಕುಳ ವಿಚಾರದಲ್ಲಿ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ. ‘ಕೈ ಎತ್ತಲು ಆಗುವುದಿಲ್ಲ, ಎತ್ತಿದರೆ ಇಡೀ ರವಿಕೆ ಮೇಲೆ ಬರುತ್ತದೆ’ ಎಂದು ಗಿರಾಕಿ ಹೇಳಿದ ಕೂಡಲೇ ಕಂಕುಳನ್ನು ಇನ್ನಷ್ಟು ಆಳಕ್ಕೆ ಕತ್ತರಿಸುತ್ತಾರೆ. ಆಗ ತೊಂದರೆ ಹೆಚ್ಚುತ್ತದೆ. ಕಂಕುಳ ತಳ ಮೈಯಿಂದ ದೂರವಾದಷ್ಟೂ ತೋಳು ಎತ್ತಿದಾಗ ಬಗಲ ಹೊಲಿಗೆಯನ್ನೇ ಮೇಲಕ್ಕೆಳೆಯುತ್ತದೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಕಂಕುಳ ತಳವನ್ನು ಮೈಗೆ ಹತ್ತಿರ ತನ್ನಿ, ತೋಳಿನ ದಪ್ಪ ಭಾಗಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಸೇರಿಸಿ, ತೋಳಿನ ತುಂಡಿನಲ್ಲಿ ಭುಜಕ್ಕೆ ಸೇರುವ ಗುಡ್ಡದಂಥ ಭಾಗದ ಎತ್ತರವನ್ನು ಅರ್ಧ ಇಂಚು ತಗ್ಗಿಸಿ. ಕತ್ತರಿಸಿಹೋದ ಕಂಕುಳನ್ನು ಮತ್ತೆ ಮೇಲೆ ತರಲಾಗದು. ಅದಕ್ಕೇ ಮೊದಲ ಕಟಿಂಗಿನಲ್ಲಿ ಕಂಕುಳನ್ನು ಕಾಲು ಇಂಚು ಮೇಲೆಯೇ ಇಟ್ಟು, ಟ್ರಯಲ್ ಆದ ಮೇಲೆ ಬೇಕಿದ್ದರೆ ಇಳಿಸಿ.

ಭುಜ ಜಾರುವುದು ಇನ್ನೊಂದು. ಮುಂದೆಯೂ ಹಿಂದೆಯೂ ಕೊರಳು ಆಳವಾಗಿದ್ದರೆ ಭುಜದ ಪಟ್ಟಿಯನ್ನು ಹಿಡಿದು ನಿಲ್ಲಿಸಲು ಏನೂ ಉಳಿಯುವುದಿಲ್ಲ. ಒಂದು ಕಡೆ ಆಳ ಬೇಕೆಂದರೆ ಇನ್ನೊಂದು ಕಡೆ ಮೇಲಿರಲಿ. ಎರಡೂ ಬೇಕು ಎಂದು ಹಟ ಹಿಡಿದರೆ ಕೊರಳಿನ ಅಗಲವನ್ನು ಎರಡೂ ಬದಿ ಕಾಲು ಇಂಚು ಕಡಿಮೆ ಮಾಡಿ, ಬೆನ್ನಿಗೆ ದಾರ ಕಟ್ಟುವಂತೆ ಇಡಿ. ಕೊರಳಿನ ಅಂಚು ಓರೆನೂಲಿನ ಮೇಲೆ ಬರುವುದರಿಂದ ಹೊಲಿಯುವಾಗಲೇ ಹಿಗ್ಗಿ ಸಡಿಲಾಗುತ್ತದೆ. ಕತ್ತರಿಸಿದ ತಕ್ಷಣ, ಬಟ್ಟೆಯನ್ನು ಎತ್ತಾಡುವ ಮುಂಚೆ, ಅಂಚಿನಿಂದ ಎರಡು ನೂಲು, ಅಂದರೆ ಕಾಲು ಇಂಚು, ಒಳಗೆ ಒಂದು ಸಾಲು ಹೊಲಿಗೆ ಹಾಕಿಬಿಡಿ. ಎರಡು ನಿಮಿಷದ ಈ ಕೆಲಸ ಎಷ್ಟೋ ರವಿಕೆಗಳನ್ನು ಉಳಿಸುತ್ತದೆ.

ಪ್ರತಿ ಸಲ ಬಟ್ಟೆಯ ಮೇಲೆ ಸೊನ್ನೆಯಿಂದ ಗೆರೆ ಎಳೆಯಬೇಡಿ. ದಪ್ಪ ಕಂದು ಕಾಗದದಲ್ಲಿ 30ರಿಂದ 44ರವರೆಗೆ ಎರಡೆರಡು ಇಂಚಿಗೆ ಒಂದರಂತೆ ಹಿಂಭಾಗ, ಮುಂಭಾಗ, ತೋಳುಗಳ ಮೂಲ ಅಚ್ಚು ಮಾಡಿಟ್ಟುಕೊಳ್ಳಿ. ಎಂಟು ಅಳತೆ, ಒಂದು ವಾರದ ಕೆಲಸ. ಹೊಸ ಗಿರಾಕಿ ಬಂದಾಗ ಹತ್ತಿರದ ಅಚ್ಚನ್ನು ತೆಗೆದು ಅವರ ಮೈಗೆ ತಿದ್ದಿ, ಟ್ರಯಲ್ ಸರಿಯಾದ ಮೇಲೆ ಅವರದೇ ಅಚ್ಚನ್ನು ನಂಬರು, ತಾರೀಕು ಬರೆದು ಕವರಿನಲ್ಲಿಡಿ. ಎರಡನೆಯ ರವಿಕೆಯಿಂದ ಅವರ ಕಟಿಂಗ್ ಸಮಯ ಅರ್ಧಕ್ಕಿಳಿಯುತ್ತದೆ. ಆರು ತಿಂಗಳು ದಾಟಿದ್ದರೆ ಎದೆ, ತೋಳು ಎರಡನ್ನಾದರೂ ಮತ್ತೆ ಅಳೆಯಿರಿ.

ಟ್ರಯಲ್ ಕೊಡದೆ ಹೊಸ ಗಿರಾಕಿಯ ಬೆಲೆಬಾಳುವ ಬಟ್ಟೆ ಮುಗಿಸಬೇಡಿ. ರೇಷ್ಮೆಯಲ್ಲಂತೂ ಸೂಜಿ ಬಿದ್ದ ತೂತು ಬಿಚ್ಚಿದ ಮೇಲೂ ಗುರುತಾಗಿ ಉಳಿಯುತ್ತದೆ. ಇದಕ್ಕೊಂದು ಸುಲಭದ ದಾರಿ ಇದೆ. ಮೊದಲು ಲೈನಿಂಗನ್ನಷ್ಟೇ ಕತ್ತರಿಸಿ, ಉದ್ದ ಹೊಲಿಗೆಯಲ್ಲಿ, ಅಂದರೆ 4 ಮಿಲಿಮೀಟರಿಗೆ ಇಟ್ಟು, ಡಾಟು, ಬಗಲು, ತೋಳು ಕೂಡಿಸಿ ತೊಡಿಸಿ ನೋಡಿ. ಮುಂದೆ ಹುಕ್ಕಿನ ಬದಲು ಪಿನ್ನು. ತಿದ್ದುಪಡಿಗಳನ್ನು ಲೈನಿಂಗಿನ ಮೇಲೇ ಗುರುತು ಹಾಕಿ, ಬಿಚ್ಚಿ, ಇಸ್ತ್ರಿ ಮಾಡಿ, ಅದನ್ನೇ ಅಚ್ಚಾಗಿ ಇಟ್ಟು ರೇಷ್ಮೆ ಕತ್ತರಿಸಿ. ರೇಷ್ಮೆಗೆ ಸೂಜಿ ಒಂದೇ ಸಲ ಬೀಳುತ್ತದೆ. ಬಗಲಲ್ಲಿ ಎರಡೂ ಕಡೆ ಒಂದರಿಂದ ಒಂದೂವರೆ ಇಂಚು ಬಟ್ಟೆ ಬಿಟ್ಟು, ಅರ್ಧರ್ಧ ಇಂಚಿಗೆ ಎರಡು ಮೂರು ಸಾಲು ಹೊಲಿಯಿರಿ. ಮುಂದೆ ಬಿಗಿಯಾದರೆ ಒಂದು ಸಾಲು ಬಿಚ್ಚಿದರಾಯಿತು. ನಮ್ಮ ಹೆಣ್ಣುಮಕ್ಕಳು ಒಂದು ರೇಷ್ಮೆ ರವಿಕೆಯನ್ನು ಹತ್ತಾರು ವರ್ಷ ತೊಡುತ್ತಾರೆ, ಅಷ್ಟು ಜಾಗ ಬಿಡುವುದು ಅವರಿಗೆ ಕೊಡುವ ಮರ್ಯಾದೆ.

ಲೈನಿಂಗು ಹತ್ತಿಯದೇ ಇರಲಿ, ನಮ್ಮ ಸೆಕೆಗೆ ಪಾಲಿಯೆಸ್ಟರ್ ಆಗದು. ತಂದ ಕೂಡಲೇ ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ. ನೆನೆಸದ ಲೈನಿಂಗು ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ. ಎಲ್ಲ ಹೊಲಿಗೆಯೂ ಸುಕ್ಕುಗಟ್ಟುತ್ತದೆ. ಕೆಂಪು, ಕಡುನೀಲಿ, ಕಪ್ಪು ಬಣ್ಣಗಳನ್ನು ಬಿಳಿ ಬಟ್ಟೆಯ ತುಂಡಿನ ಜೊತೆ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಿ. ಸಾಮಾನ್ಯ ರವಿಕೆಗೆ 1 ಮೀಟರು ಲೈನಿಂಗು ಸಾಕು. ಸೀರೆಯ ಜೊತೆ ಬರುವ ರವಿಕೆ ಬಟ್ಟೆ ಬಹುತೇಕ 80 ಸೆಂಟಿಮೀಟರು ಇರುತ್ತದೆ. ಎದೆ 40ಕ್ಕಿಂತ ಹೆಚ್ಚಿದ್ದು ಮೊಣಕೈವರೆಗೆ ತೋಳು ಬೇಕೆಂದರೆ ಅದು ಸಾಲದೆ ಹೋಗಬಹುದು. ಇದನ್ನು ಬಟ್ಟೆ ತೆಗೆದುಕೊಳ್ಳುವಾಗಲೇ ಹರಡಿ ನೋಡಿ ಹೇಳಬೇಕು, ಕತ್ತರಿ ಹಾಕಿದ ಮೇಲಲ್ಲ. ಗುಳೇದಗುಡ್ಡದ ಖಣ ತಂದರೆ ಇನ್ನೂ ಹುಷಾರು. ಅದರ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ಅಂಚಿನ ದಡಿ ತೋಳಿಗೇ ಬರಬೇಕು. ಸಾಮಾನ್ಯ ಬಟ್ಟೆಯಂತೆ ಮಡಿಸಿ ಕತ್ತರಿಸಿದರೆ ಒಂದು ತೋಳಿಗೆ ದಡಿ ಸಿಕ್ಕಿ ಇನ್ನೊಂದಕ್ಕೆ ಸಿಗುವುದಿಲ್ಲ. ಕಾಗದದ ಅಚ್ಚುಗಳನ್ನೆಲ್ಲ ಖಣದ ಮೇಲೆ ಹರಡಿ, ಮೊದಲು ತೋಳುಗಳ ಜಾಗ ಗೊತ್ತುಮಾಡಿ, ಆಮೇಲೆ ಉಳಿದವು.

ಫಾಲ್ ಸಣ್ಣ ಕೆಲಸ ಎಂದು ಹಗುರವಾಗಿ ಕಾಣಬೇಡಿ. ಸೀರೆಯ ಅಂಗಡಿಯವರ ಪರಿಚಯವಾದರೆ ತಿಂಗಳಿಡೀ ಬರುವ ಕೆಲಸ ಇದೇ. ಫಾಲ್ ಪಟ್ಟಿ ಸುಮಾರು 2.5 ಮೀಟರು ಉದ್ದ, 5 ಇಂಚು ಅಗಲ ಇರುತ್ತದೆ. ಅದನ್ನೂ ನೆನೆಸಿ ಒಣಗಿಸಿಯೇ ಹಚ್ಚಿ, ಇಲ್ಲದಿದ್ದರೆ ಸೀರೆಯ ಅಂಚು ಹಪ್ಪಳದಂತೆ ಮಡಚಿಕೊಳ್ಳುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ ಹೊಂದಿಸಿ. ಒಳಗೆ ಸಿಕ್ಕಿಸುವ ತುದಿಯಿಂದ ಒಂದು ಗೇಣು ಬಿಟ್ಟು ಶುರು ಮಾಡಿ, ಅಂಚಿಗೆ ಅಂಚು ಕೂಡಿಸಿ ಕೆಳಬದಿಯನ್ನು ಮೆಷಿನ್ನಿನಲ್ಲಿ, ಮೇಲ್ಬದಿಯನ್ನು ಒಂಟಿ ದಾರದಲ್ಲಿ ಕೈ ಹೆಮ್ಮಿಂಗ್ ಮಾಡಿ. ಮೈಸೂರು ರೇಷ್ಮೆಯಂಥ ಕ್ರೇಪ್ ಸೀರೆಯನ್ನು ಮಡಿಲಲ್ಲಿ ನೇತಾಡಿಸಿ ಹೊಲಿದರೆ ತನ್ನ ಭಾರಕ್ಕೇ ಜಗ್ಗುತ್ತದೆ. ಮೇಜಿನ ಮೇಲೆ ಪೂರ್ತಿ ಹರಡಿ, ಎರಡೂ ಬದಿ ಕೈಯಲ್ಲೇ ಹೊಲಿಯಿರಿ, ಅದಕ್ಕೆ ದರವೂ ಬೇರೆ. ಜಿಗ್‌ಜಾಗ್‌ಗೆ ಮುಂಚೆ ರವಿಕೆ ಬಟ್ಟೆ ಯಾವ ತುದಿಯಲ್ಲಿದೆ ಎಂದು ಗಿರಾಕಿಯ ಎದುರೇ ನೋಡಿ ಗುರುತು ಹಾಕಿ. ಸಾಮಾನ್ಯವಾಗಿ ಒಳತುದಿಯಲ್ಲಿರುತ್ತದೆ, ಕೆಲವು ಸೀರೆಗಳಲ್ಲಿ ಸೆರಗಿನ ಆಚೆ ಇರುತ್ತದೆ.

ಕುಚ್ಚಿನ ಲೆಕ್ಕ ಹೀಗೆ. ಸೆರಗಿನ ಅಗಲ 44 ಇಂಚು, ಮುಕ್ಕಾಲು ಇಂಚಿಗೊಂದು ಕುಚ್ಚು ಎಂದರೆ 58 ಆಗುತ್ತವೆ. ಒಂದಕ್ಕೆ ಎರಡು ನಿಮಿಷವೆಂದರೂ ಎರಡು ಗಂಟೆ. ಎಲ್ಲವೂ ಒಂದೇ ದಪ್ಪ ಬರಬೇಕಾದರೆ ದಾರವನ್ನು ರಟ್ಟಿಗೆ ಎಣಿಸಿ ಸುತ್ತಿ ಕತ್ತರಿಸಬೇಕು, ಕಣ್ಣಂದಾಜು ಸಾಲದು. ಕ್ರೋಷಾ ಕುಚ್ಚು, ಮಣಿ ಕುಚ್ಚುಗಳಿಗೆ ಸಮಯ ಎರಡು ಮೂರು ಪಟ್ಟು. ಗಡಿಯಾರ ನೋಡಿ ಒಂದು ಸೀರೆ ಮುಗಿಸಿ, ಆಮೇಲೆ ದರ ಹೇಳಿ.

ಈಗ ಮೆಷಿನ್. ಮೊದಲ ಮೂರು ತಿಂಗಳು ಹೊಸದು ಬೇಡ. ಆ ದುಡ್ಡಿನಲ್ಲಿ ಸ್ವಲ್ಪವನ್ನು ನಿಮ್ಮ ಬೆನ್ನಿಗೆ ಖರ್ಚು ಮಾಡಿ: 3 ಅಡಿ ಅಗಲ, 5 ಅಡಿ ಉದ್ದ, 34ರಿಂದ 36 ಇಂಚು ಎತ್ತರದ ಕಟಿಂಗ್ ಮೇಜು. ನೆಲದ ಮೇಲೆ ಬಗ್ಗಿ ಮನೆಯ ನಾಲ್ಕು ರವಿಕೆ ಕತ್ತರಿಸುವುದು ಬೇರೆ, ವಾರಕ್ಕೆ ಏಳೆಂಟು ಕತ್ತರಿಸುವುದು ಬೇರೆ. ಬಟ್ಟೆಗೇ ಮೀಸಲಾದ 10 ಇಂಚಿನ ಕತ್ತರಿ (ಅದರಲ್ಲಿ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ), ಸೂಜಿಯ ಮೇಲೆ ಬೀಳುವ ಎಲ್‌ಇಡಿ ದೀಪ, ಹಬೆ ಬರುವ ಇಸ್ತ್ರಿ ಪೆಟ್ಟಿಗೆ ಇರಲಿ. ಜರಿಯ ಮೇಲೆ ನೇರವಾಗಿ ಇಸ್ತ್ರಿ ಇಡಬಾರದು, ನಡುವೆ ತೆಳು ಹತ್ತಿ ಬಟ್ಟೆ ಇರಬೇಕು. ಪ್ರತಿ ಹೊಲಿಗೆಯನ್ನೂ ಹೊಲಿದ ಕೂಡಲೇ ಇಸ್ತ್ರಿ ಮಾಡಿದ ರವಿಕೆಗೂ ಕೊನೆಗೊಮ್ಮೆ ಮಾತ್ರ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

ಸೂಜಿಗೆ ಕಂಜೂಸುತನ ಬೇಡ. ರೇಷ್ಮೆ, ಜಾರ್ಜೆಟ್‌ಗೆ 9 ಅಥವಾ 11, ಹತ್ತಿಗೆ 14, ಜೀನ್ಸಿನಂಥ ದಪ್ಪ ಬಟ್ಟೆಗೆ 16ನೇ ನಂಬರು. ಎಂಟು ಗಂಟೆ ಹೊಲಿದ ಮೇಲೆ, ಅಥವಾ ರೇಷ್ಮೆ ಶುರು ಮಾಡುವ ಮುಂಚೆ, ಹೊಸ ಸೂಜಿ ಹಾಕಿ. ಮೊಂಡು ಸೂಜಿ ರೇಷ್ಮೆಯ ನೂಲನ್ನು ಎಳೆದು ಗೆರೆ ಬಿಡುತ್ತದೆ. ಹೊಲಿಗೆ ತಪ್ಪುತ್ತಿದ್ದರೆ ಮೊದಲು ಸಂಶಯ ಪಡಬೇಕಾದ್ದು ಬಾಗಿದ ಸೂಜಿಯನ್ನು. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನಿಂತರೆ ಕೆಳಗಿನ ದಾರದ ಬಾಬಿನ್ನನ್ನು ಬಯ್ಯಬೇಡಿ, ಮೇಲಿನ ದಾರ ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿಲ್ಲ ಎಂದರ್ಥ. ಮೆಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನು ಎತ್ತಿ ದಾರವನ್ನು ಮತ್ತೆ ಹಾಕಿ.

ಮೂರು ತಿಂಗಳ ನಂತರ ಏನು ಕೊಳ್ಳಬೇಕೆಂದು ನಿಮ್ಮ ಆರ್ಡರ್ ಪುಸ್ತಕವೇ ಹೇಳುತ್ತದೆ. ಸೀರೆ ಕೆಲಸ ಹೆಚ್ಚಿದ್ದರೆ ಜಿಗ್‌ಜಾಗ್ ಅಥವಾ ಪಿಕೋ ಮೆಷಿನ್. ರವಿಕೆಯೇ ಹೆಚ್ಚಿದ್ದು ದಿನಕ್ಕೆ ಎರಡಕ್ಕಿಂತ ಜಾಸ್ತಿ ಬರುತ್ತಿದ್ದರೆ ಮಾತ್ರ ಪವರ್ ಮೆಷಿನ್. ಅದು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು, ಆದರೆ ನೇರ ಹೊಲಿಗೆ ಬಿಟ್ಟು ಬೇರೇನೂ ಮಾಡದು, ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್‌ಗೆ ಬೇರೆ ಮೆಷಿನ್ ಬೇಕು. ತೆಗೆದುಕೊಂಡರೆ ಸರ್ವೋ ಮೋಟರಿನದ್ದೇ ಇರಲಿ. ಹಳೆಯ ಕ್ಲಚ್ ಮೋಟರು ನೀವು ಹೊಲಿಯದಿದ್ದಾಗಲೂ ಗುಯ್‌ಗುಟ್ಟುತ್ತ ಕರೆಂಟು ತಿನ್ನುತ್ತದೆ, ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗವನ್ನೂ ತಗ್ಗಿಸಿಕೊಳ್ಳಬಹುದು. ಎಣ್ಣೆ ತೊಟ್ಟಿಯ ಮಟ್ಟ ಎರಡು ಗೆರೆಗಳ ನಡುವೆ ಇರದೆ ಓಡಿಸಬಾರದು. ಮನೆಯ ಮೆಷಿನ್ನಿನ ಚಪ್ಪಟೆ ಬೆನ್ನಿನ ಸೂಜಿ ಇದಕ್ಕೆ ಕೂರುವುದಿಲ್ಲ, ಇದರದ್ದು ಗುಂಡು ದಂಟಿನ ಡಿಬಿ×1. ಹಳೆಯ ಮೆಷಿನ್ನನ್ನು ಮಾರಬೇಡಿ. ಹಬ್ಬದ ಹಿಂದಿನ ದಿನ ಕರೆಂಟು ಹೋದರೆ ನಿಮ್ಮ ಮಾತು ಉಳಿಸುವುದು ಅದೇ.

ದರಕ್ಕೆ ಬರೋಣ. ‘ಪಕ್ಕದ ಬೀದಿಯವರು ಎಷ್ಟು ತೆಗೆದುಕೊಳ್ಳುತ್ತಾರೆ’ ಎಂಬುದು ಕೊನೆಗೆ ಕೇಳುವ ಪ್ರಶ್ನೆ. ಮೊದಲು ನಿಮ್ಮ ಸಮಯ ಅಳೆಯಿರಿ. ಲೈನಿಂಗ್ ರವಿಕೆಗೆ ಅಳತೆ, ಮಾತುಕತೆ 15 ನಿಮಿಷ, ಕಟಿಂಗ್ 30, ಹೊಲಿಗೆ 120, ಹೆಮ್ಮಿಂಗ್ ಮತ್ತು ಹುಕ್ಕು 35, ಇಸ್ತ್ರಿ 10 ಎಂದರೆ ಒಟ್ಟು ಮೂರೂವರೆ ಗಂಟೆ. ನಿಮ್ಮ ಗಂಟೆಗೆ 80 ರೂಪಾಯಿ ಎಂದಿಟ್ಟುಕೊಂಡರೆ ಕೂಲಿ 280. ಲೈನಿಂಗು 70, ದಾರ, ಹುಕ್ಕು 15, ಕರೆಂಟು ಮತ್ತು ಮೆಷಿನ್ ಸವೆತ 10, ಕೆಟ್ಟದ್ದನ್ನು ಸರಿಮಾಡುವ ನಿಧಿಗೆ 20 ಸೇರಿ 115. ಎರಡೂ ಕೂಡಿ 395. ಲೈನಿಂಗಿನ ಬೆಲೆ ನಿಮ್ಮೂರಿನದ್ದು ಹಾಕಿಕೊಳ್ಳಿ, ಲೆಕ್ಕದ ಹಾದಿ ಇದೇ. ನಿಮ್ಮ ಬೀದಿಯ ದರ 350 ಇದ್ದರೆ ಗಾಬರಿ ಬೇಡ, ದರ ಇಳಿಸಿ ಅಳುವುದೂ ಬೇಡ, ಸಮಯ ಇಳಿಸಿ. ಸೋಮವಾರ ಕಟಿಂಗ್ ಮಾತ್ರ, ಒಂದೇ ಬಣ್ಣದ ದಾರದ ರವಿಕೆಗಳು ಒಟ್ಟಿಗೆ, ಎಲ್ಲ ತೋಳುಗಳು ಒಂದೇ ಕೂತಿನಲ್ಲಿ, ಹುಕ್ಕು ಮತ್ತು ಹೆಮ್ಮಿಂಗ್ ಸಂಜೆ ಟಿವಿಯ ಮುಂದೆ. ಹೀಗೆ ಮಾಡಿದರೆ ಎರಡೂವರೆ ಗಂಟೆಗೆ ಇಳಿಯುತ್ತದೆ. ಆಗ ಕೂಲಿ 200, ಒಟ್ಟು 315. 350ಕ್ಕೆ ಹೊಲಿದರೂ 35 ಉಳಿಯುತ್ತದೆ.

ವಾರದ ಲೆಕ್ಕವನ್ನೂ ಕಣ್ಣು ಮುಚ್ಚದೆ ನೋಡಿ. ದಿನಕ್ಕೆ 4 ಗಂಟೆ, ವಾರಕ್ಕೆ 6 ದಿನ ಎಂದರೆ 24 ಗಂಟೆ. ಗಿರಾಕಿಗಳ ಜೊತೆ ಮಾತು, ಪೇಟೆಗೆ ಹೋಗಿ ಬರುವುದು ಎಲ್ಲ ಸೇರಿ ಕಾಲು ಭಾಗ ಹೋದರೆ ಉಳಿಯುವುದು 18. ಮೂರೂವರೆ ಗಂಟೆಗೊಂದರಂತೆ 5 ರವಿಕೆ, ಕೂಲಿ 1,400. ಅದೇ 395ರ ದರಕ್ಕೆ ಎರಡೂವರೆ ಗಂಟೆಯಲ್ಲಿ ಮುಗಿಸಿದರೆ 7 ರವಿಕೆ, 1,960. ಮೊದಲ ವರ್ಷ ತಿಂಗಳಿಗೆ ಆರರಿಂದ ಎಂಟು ಸಾವಿರ ಕೈಗೆ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಇದಕ್ಕಿಂತ ಹೆಚ್ಚಿನ ಆಸೆ ತೋರಿಸುವವರ ಮಾತು ನಂಬಿ ಸಾಲ ಮಾಡಬೇಡಿ.

ನೆಂಟರ ಹತ್ತಿರ ಬಾಯಿ ಬರುವುದಿಲ್ಲ ಎಂದಿರಿ. ಬಾಯಿಯ ಕೆಲಸವನ್ನು ಗೋಡೆಗೆ ಕೊಡಿ. ಸಾದಾ ರವಿಕೆ, ಲೈನಿಂಗ್ ರವಿಕೆ, ಪ್ರಿನ್ಸೆಸ್ ಕಟ್, ಫಾಲ್, ಕುಚ್ಚು, ರಿಪೇರಿ, ಒಂದೊಂದಕ್ಕೂ ದರ ಬರೆದು ಮೆಷಿನ್ನಿನ ಮೇಲೆ ತೂಗುಹಾಕಿ. ರಸೀದಿ ಪುಸ್ತಕದಲ್ಲಿ ನಂಬರು, ಬಟ್ಟೆಯ ಸಣ್ಣ ಚೂರು ಪಿನ್ ಮಾಡಿ, ಟ್ರಯಲ್ ದಿನ, ಕೊಡುವ ದಿನ, ಅರ್ಧ ಮುಂಗಡ ಎಂದು ಎಲ್ಲರಿಗೂ ಬರೆಯಿರಿ, ನಾದಿನಿಗೂ. ಯಾರಿಗಾದರೂ ಪ್ರೀತಿಯಿಂದ ಹೊಲಿದುಕೊಡಬೇಕು ಎನಿಸಿದರೆ ಸೀಮಂತಕ್ಕೋ ಗೃಹಪ್ರವೇಶಕ್ಕೋ ಪೂರ್ತಿ ಉಡುಗೊರೆಯಾಗಿ ಕೊಡಿ. ಅರ್ಧ ದರ ಮಾತ್ರ ಬೇಡ. ಅದು ಆಮೇಲೆ ಎಲ್ಲರ ದರವಾಗುತ್ತದೆ, ಪಡೆದವರಿಗೂ ಉಡುಗೊರೆ ಎನಿಸುವುದಿಲ್ಲ.

ಕ್ಯಾಲೆಂಡರ್ ನಿಮ್ಮ ಎರಡನೆಯ ಟೇಪು. ಆಷಾಢದಲ್ಲಿ ಮದುವೆಗಳಿಲ್ಲ, ಕೆಲಸ ಇಳಿಯುತ್ತದೆ. ಮೆಷಿನ್ ಬಿಚ್ಚಿ ಧೂಳು ತೆಗೆದು ಎಣ್ಣೆ ಹಾಕಲು, ಬೇಕಾಗುವ ಬಣ್ಣಗಳ ಲೈನಿಂಗು ತಂದು ನೆನೆಸಿಡಲು, ಪೆಟಿಕೋಟು ಹೊಲಿಯಲು ಅದೇ ಸಮಯ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಅದರ ಹಿಂದೆಯೇ ಗೌರಿ ಹಬ್ಬ. ಪಿತೃಪಕ್ಷದಲ್ಲಿ ಎರಡು ವಾರ ಉಸಿರಾಡಿದರೆ ನವರಾತ್ರಿ, ದೀಪಾವಳಿ, ಆಮೇಲೆ ಧನುರ್ಮಾಸದವರೆಗೆ ಮದುವೆಗಳು. ವಾರಕ್ಕೆ ಏಳು ಎಂದರೆ ಪುಸ್ತಕದಲ್ಲಿ ಏಳೇ ಸಾಲು ಇರಲಿ, ಎಂಟನೆಯದನ್ನು ಮುಂದಿನ ವಾರಕ್ಕೆ ಬರೆಯಿರಿ. ವರಮಹಾಲಕ್ಷ್ಮಿಗೆ ಹತ್ತು ದಿನ ಮುಂಚೆ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಟ್ರಯಲ್ ದಿನಕ್ಕೂ ಕೊಡುವ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ, ತಿದ್ದುಪಡಿಗೆಂದೇ. ‘ಇಲ್ಲ’ ಎಂದರೆ ಗಿರಾಕಿ ಬೇರೆಡೆ ಹೋಗುತ್ತಾರೆ ಎಂಬ ಭಯ ಸಹಜ. ಆದರೆ ಹಬ್ಬದ ಬೆಳಿಗ್ಗೆ ಬರಿಗೈಯಲ್ಲಿ ಹೋದವರು ಮತ್ತೆ ಬರುವುದಿಲ್ಲ, ಹತ್ತು ಜನಕ್ಕೂ ಹೇಳುತ್ತಾರೆ.

ಸಾಲ, ನೋಂದಣಿ ಚುಟುಕಾಗಿ. ಸಣ್ಣ ಉದ್ಯೋಗಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲಿನಲ್ಲಿ ನೀವೇ ಮಾಡಿಕೊಳ್ಳಬಹುದು, ದುಡ್ಡು ಕೇಳುವ ಜಾಲತಾಣಗಳಿಗೆ ಹೋಗಬೇಡಿ. ಹೊಲಿದುಕೊಡುವುದು ಸೇವೆ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದವರೆಗಿನ ಇ-ವೋಚರ್, ಅನಂತರ ಶೇ 5ರ ಬಡ್ಡಿಗೆ ಮೊದಲ ಕಂತು 1 ಲಕ್ಷದವರೆಗೆ ಸಾಲ ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರೇ, ಸರ್ಕಾರಿ ನೌಕರರ ಮನೆಯವರಿಗೆ ಇಲ್ಲ. ನಿಮ್ಮಲ್ಲಿ ಈಗ ದರ್ಜಿ ಕಸುಬಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. ಅದಾಗದಿದ್ದರೆ ಮುದ್ರಾ ಶಿಶು ಸಾಲ 50,000ದವರೆಗೆ, ಜಾಮೀನಿಲ್ಲದೆ. ಕಟಿಂಗ್ ಶಾಸ್ತ್ರೀಯವಾಗಿ ಕಲಿಯಬೇಕೆಂದರೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ತರಬೇತಿ ಸಂಸ್ಥೆ ರುಡ್‌ಸೆಟ್ ಮಾದರಿಯಲ್ಲೇ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ. ನಿಮಗೆ ಸಾಲಕ್ಕಿಂತ ಇದು ಹೆಚ್ಚು ಉಪಯೋಗ ಎನ್ನುತ್ತೇವೆ. ವಯಸ್ಸಿನ ಮಿತಿ, ಆದ್ಯತೆ ಯಾರಿಗೆ ಎಂಬುದನ್ನು ವಿಚಾರಿಸಿಕೊಳ್ಳಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿದ್ದರೆ ಮೀಟರಿನ ಮೇಲೆ ಕಣ್ಣಿರಲಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ, ಹೊಲಿಗೆ ಮೆಷಿನ್ನಿಗಿಂತ ಹೆಚ್ಚು ಎಳೆಯುವುದು ಇಸ್ತ್ರಿ ಪೆಟ್ಟಿಗೆ. ಆ ಸೌಲಭ್ಯ ಮನೆ ಬಳಕೆಗೆ ಮಾತ್ರ, ಆದ್ದರಿಂದ ಕೆಲಸ ಬೆಳೆದ ಹಾಗೆ ಬೆಸ್ಕಾಂ ಉಪವಿಭಾಗದಲ್ಲಿ ಸಂಪರ್ಕದ ಬಗ್ಗೆ ಕೇಳಿಕೊಳ್ಳಿ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಒಂದು ದಿನ ಬಟ್ಟೆ ಕೆಡುತ್ತದೆ. ಇಸ್ತ್ರಿ ಸುಡಬಹುದು, ಎರಡೂ ತೋಳು ಒಂದೇ ಕೈಗೆ ಕತ್ತರಿಸಿಹೋಗಬಹುದು. ಅಂದೇ ಫೋನ್ ಮಾಡಿ ಹೇಳಿ, ಟ್ರಯಲ್ ದಿನದವರೆಗೆ ಮುಚ್ಚಿಡಬೇಡಿ. ದಿನ ಉಳಿದಿದ್ದರೆ ಹೊಂದುವ ಬಟ್ಟೆ ಸಿಗುತ್ತದೆ. ಸೀರೆಯನ್ನೇ ತರಿಸಿಕೊಂಡು ಅಂಗಡಿಗೆ ಒಯ್ದು ಬಣ್ಣ ಹೊಂದಿಸಿ ತನ್ನಿ, ಬಟ್ಟೆಯ ಖರ್ಚು ನಿಮ್ಮದು, ಕೂಲಿ ತೆಗೆದುಕೊಳ್ಳಬೇಡಿ. ರವಿಕೆಗೆ 20 ರೂಪಾಯಿಯಂತೆ ಎತ್ತಿಟ್ಟ ನಿಧಿ ಇದಕ್ಕೇ. ಹೊಸ ಬಟ್ಟೆಯ ರವಿಕೆಯ ಜೊತೆ ಕೆಟ್ಟ ತುಂಡುಗಳನ್ನೂ ಉಳಿದ ಚೂರುಗಳನ್ನೂ ಮಡಿಸಿ, ಪಿನ್ ಹಾಕಿ ಹಿಂದಿರುಗಿಸಿ. ಜರಿಯ ಅಂಚು ಚೆನ್ನಾಗಿ ಉಳಿದಿದ್ದರೆ ಅದನ್ನು ಹಾಳಾಗದಂತೆ ಬಿಚ್ಚಿ ಬೇರೆ ಇಡಿ, ಅವರ ಇನ್ನೊಂದು ರವಿಕೆಯ ತೋಳಿಗೆ ಬರುತ್ತದೆ.